ಬಾಣಂತಿಯ ಆತಂಕ: ಮನೆಯವರು ಗುರುತಿಸುವುದು ಹೇಗೆ?

ಹೆರಿಗೆಯಾದ ಮೂರು-ನಾಲ್ಕು ದಿನಕ್ಕೆ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ನೋಯುವುದು ಸಾಮಾನ್ಯ. ಎರಡು ವಾರದೊಳಗೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಆತಂಕದ ಕಾಯಿಲೆ ಹಾಗಲ್ಲ. ವಾರಗಟ್ಟಲೆ ಉಳಿಯುತ್ತದೆ, ಕೆಲವರಿಗೆ ಬಸುರಿಯಾಗಿದ್ದಾಗಲೇ ಶುರುವಾಗಿರುತ್ತದೆ.

ಮಂಕಾಗಿ ಕೂತ ತಾಯಿ ಎಲ್ಲರ ಕಣ್ಣಿಗೆ ಬೀಳುತ್ತಾಳೆ. ಆತಂಕವಿರುವವಳು ಮಾತ್ರ ಸದಾ ಚುರುಕಾಗಿಯೇ ಕಾಣುತ್ತಾಳೆ. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ಮತ್ತೆ ಮತ್ತೆ ನೋಡುತ್ತಾಳೆ, ಅಜ್ಜಿಯ ಕೈಗೂ ಮಗುವನ್ನು ಕೊಡಳು. "ನಮ್ಮ ಸೊಸೆ ಬಹಳ ಜಾಗ್ರತೆ" ಎಂದು ಮನೆಯವರು ಮೆಚ್ಚಿಕೊಳ್ಳುತ್ತಾರೆ! ಗಮನಿಸಬೇಕಾದದ್ದು ನಿದ್ದೆಯನ್ನು. ಮಗು ಮಲಗಿ, ಬೇರೆಯವರು ಪಕ್ಕದಲ್ಲಿ ಕೂತಿದ್ದರೂ ಆಕೆಗೆ ಕಣ್ಣು ಹತ್ತುವುದಿಲ್ಲವೆಂದರೆ, ಜೊತೆಗೆ ಎದೆ ಬಡಿತ, ಊಟ ಸೇರದಿರುವುದು ಇದ್ದರೆ ವೈದ್ಯರಿಗೆ ತೋರಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇವೇ ಲಕ್ಷಣಗಳು ಕಾಣುವುದರಿಂದ ರಕ್ತಪರೀಕ್ಷೆಯೂ ಬೇಕಾಗಬಹುದು. ಸೂತಕ ಕಳೆಯಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಸೂತಕವಿಲ್ಲ.

ಹೇಳಲು ಹೆದರುವ ಇನ್ನೊಂದು ಸಂಗತಿಯಿದೆ. ಮಗು ಕೈಜಾರಿ ಬಿದ್ದಂತೆ, ತನ್ನಿಂದಲೇ ಅದಕ್ಕೆ ಪೆಟ್ಟಾದಂತೆ ಬೇಡದ ಚಿತ್ರಗಳು ಮನಸ್ಸಿಗೆ ನುಗ್ಗುತ್ತವೆ. ಮನ, ವಚನ, ಕಾಯ ಮೂರರಿಂದಲೂ ಹಿಂಸೆ ಕೂಡದು ಎಂದು ಕೇಳುತ್ತ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದು ಘೋರ ಪಾಪವೆನಿಸಿ, ಯಾರೆದುರೂ ಬಾಯಿ ಬಿಡುವುದಿಲ್ಲ. ಇದು ಪಾಪವಲ್ಲ, ಕಾಯಿಲೆಯ ಲಕ್ಷಣ. ಆಕೆಯ ಸಂಕಲ್ಪ ಮಗುವನ್ನು ಕಾಯುವುದೇ ಆಗಿದೆ; ಅದಕ್ಕೇ ಆ ಚಿತ್ರಗಳು ಅವಳನ್ನು ನಡುಗಿಸುತ್ತವೆ. ಪ್ರಾಯಶ್ಚಿತ್ತವೆಂದು ಉಪವಾಸ ಹಿಡಿಯಲು ಬಿಡದೆ, ಕೂತು ಕೇಳಿಸಿಕೊಳ್ಳಿ.

ಬಾಣಂತಿಗೆ ದನಿಗಳು ಕೇಳಿಸತೊಡಗಿದರೆ, ಇಲ್ಲದ್ದನ್ನು ನಿಜವೆಂದು ನಂಬಿದರೆ, ಗೊಂದಲದಿಂದ ಮಾತಾಡಿದರೆ, ಸಾಯುವ ಮಾತಾಡಿದರೆ ಅದು ತುರ್ತು. ತಾಯಿ-ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಮೊದಲು ಆಗಬೇಕಾದದ್ದು ನಿದ್ದೆಯ ಏರ್ಪಾಡು. ರಾತ್ರಿ ಹಾಲು ಕುಡಿಸಿದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು ಗಂಡನ ಕೆಲಸವಾಗಲಿ. ನಾಲ್ಕೈದು ಗಂಟೆ ಒಂದೇ ಸಮನೆ ಮಲಗಲು ಆಕೆಗೆ ಸಿಗಲಿ. ನೋಡಲು ಬರುವ ನೆಂಟರು "ಮಗು ಸಣ್ಣಗಿದೆ, ಹಾಲು ಸಾಲದೇನೋ" ಎನ್ನದಿದ್ದರೆ ಅದೇ ದೊಡ್ಡ ಉಪಕಾರ. ಆಕೆಯ ಭಯಕ್ಕೆ "ಏನೂ ಆಗಲ್ಲ ಬಿಡು" ಎಂದು ತಳ್ಳಿಹಾಕುವುದರಿಂದಲೂ ಪ್ರಯೋಜನವಿಲ್ಲ.

ವೈದ್ಯರು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿಯನ್ನು ಕೇಳಬಹುದು. ಅದರಲ್ಲಿ ಆತಂಕದ ಪ್ರಶ್ನೆಗಳೂ ಇವೆ. ಎಷ್ಟೋ ಜನರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಬೇಕಾದರೂ ಹಾಲುಣಿಸುವುದನ್ನು ನಿಲ್ಲಿಸಲೇಬೇಕೆಂದಿಲ್ಲ. ಸರ್ಟ್ರಾಲಿನ್‌ನಂಥವನ್ನು ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು, ಆಯ್ಕೆ ಮತ್ತು ಪ್ರಮಾಣ ವೈದ್ಯರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ. ಊರಲ್ಲೇ ಇದ್ದು ಮಾತಾಡಬೇಕೆಂದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿ ಒಪ್ಪದಿದ್ದರೆ ಮನೆಯವರೇ ಮೊದಲು ಕರೆ ಮಾಡಿ ಕೇಳಬಹುದು.