ಮುದ್ರಾರಾಕ್ಷಸನಿಗೂ ಬೆಲೆ ಬಂದಾಗ

ಪುಸ್ತಕ ಅಚ್ಚಾಗಿ ಕೈಗೆ ಬಂದ ಮೇಲೆ ಕಣ್ಣಿಗೆ ಬೀಳುವ ತಪ್ಪು ಲೇಖಕನಿಗೆ ನುಂಗಲಾರದ ತುತ್ತು. ಎಷ್ಟು ಸಲ ಕರಡು ತಿದ್ದಿದರೂ ಮುದ್ರಾರಾಕ್ಷಸ ಎಲ್ಲೋ ಒಂದು ಕಡೆ ತನ್ನ ಗುರುತು ಬಿಟ್ಟೇ ಹೋಗಿರುತ್ತಾನೆ. ಮರುಮುದ್ರಣದಲ್ಲಿ ಅದನ್ನು ಸರಿಪಡಿಸಿದಾಗಲೇ ಲೇಖಕನಿಗೂ ಪ್ರಕಾಶಕನಿಗೂ ಸಮಾಧಾನ. ಆದರೆ ತಿದ್ದಿದ ಪ್ರತಿಯನ್ನು ಬದಿಗಿಟ್ಟು, ತಪ್ಪಿರುವ ಪ್ರತಿಯನ್ನೇ ಹುಡುಕಿಕೊಂಡು ಹೋಗಿ ಸಾವಿರಾರು ಡಾಲರ್ ಸುರಿಯುವವರೂ ಇದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕನ್ ಕಾದಂಬರಿಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸುವವರು ಈ ಪಂಗಡಕ್ಕೆ ಸೇರಿದವರು.

ಇದನ್ನು ಹಣವಂತರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಹಣದ ಆಟ ಇದರಲ್ಲಿ ಇಲ್ಲವೆಂದೂ ಅಲ್ಲ. ಆದರೂ ಈ ಹವ್ಯಾಸದ ಜಾಡು ಹಿಡಿದು ಹೊರಟರೆ, ಒಂದು ಕೃತಿ ಲೋಕಕ್ಕೆ ಬಂದ ಬಗೆ, ಅದು ಕಂಡ ಸೋಲು, ಲೇಖಕ ಕಣ್ಮುಚ್ಚಿದ ಮೇಲೆ ಬಂದ ಕೀರ್ತಿ ಎಲ್ಲವೂ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆ ಕಥೆಗೆ ಸಾಕ್ಷಿ ನುಡಿಯುವುದು ಜನ ಕಸವೆಂದು ಬಿಸಾಡಿದ ಕಾಗದ ಮತ್ತು ತಪ್ಪೆಂದು ತೆಗೆದುಹಾಕಿದ ಅಕ್ಷರ.

ಯಾವುದು ಮೊದಲನೆಯದು?

ಆ ಕಾಲದ ಅಮೆರಿಕದಲ್ಲಿ ಜೋಡಿಸಿದ ಅಚ್ಚುಮೊಳೆಗಳಿಂದ ಲೋಹದ ಫಲಕಗಳನ್ನು ತಯಾರಿಸಿ, ಆ ಫಲಕಗಳಿಂದ ಪುಸ್ತಕ ಮುದ್ರಿಸುವುದು ರೂಢಿಯಾಗಿತ್ತು. ಪ್ರತಿಗಳು ಖರ್ಚಾದರೆ ಅವೇ ಫಲಕಗಳಿಂದ ಮತ್ತೆ ಮುದ್ರಣ. ನಡುವೆ ತಪ್ಪು ಕಂಡರೆ ಇಡೀ ಪುಟವನ್ನು ಹೊಸದಾಗಿ ಜೋಡಿಸುತ್ತಿರಲಿಲ್ಲ. ಫಲಕದಲ್ಲಿ ಆ ಪದವಿದ್ದ ಜಾಗವನ್ನಷ್ಟೇ ಕೊರೆದು ತೆಗೆದು ಹೊಸ ಅಕ್ಷರಗಳನ್ನು ಕೂರಿಸುತ್ತಿದ್ದರು. ಹೀಗಾಗಿ ಮೊದಲ ಮತ್ತು ಎರಡನೆಯ ಮುದ್ರಣಗಳು ನೋಡಲು ಅವಳಿ ಮಕ್ಕಳಂತೆ. ವ್ಯತ್ಯಾಸವಿರುವುದು ನಾಲ್ಕಾರು ಪದಗಳಲ್ಲಿ ಮಾತ್ರ. ಸಂಗ್ರಾಹಕನಿಗೆ ಬೇಕಾದದ್ದು ಮೊದಲು ಹುಟ್ಟಿದ ಮಗು.

ಪ್ರಕಾಶಕರು ಇದನ್ನು ಪುಸ್ತಕದಲ್ಲೇ ಹೇಳಿದ್ದರೆ ಕೆಲಸ ಸಲೀಸು. 1939ರಲ್ಲಿ ವೈಕಿಂಗ್ ಪ್ರಕಾಶನದಿಂದ ಬಂದ ಜಾನ್ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ರಕ್ಷಾಪುಟದ ಒಳಮಡಿಕೆಯ ಮೂಲೆಯಲ್ಲಿ ‘ಮೊದಲ ಆವೃತ್ತಿ’ ಎಂದು ಅಚ್ಚು ಹಾಕಿದ್ದರು. ಆದರೆ ಫಿಟ್ಜ್‌ಜೆರಾಲ್ಡ್ ಮತ್ತು ಹೆಮಿಂಗ್ವೇ ಇಬ್ಬರ ಕೃತಿಗಳನ್ನೂ ಹೊರತಂದ ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಸಂಸ್ಥೆ ಹಕ್ಕುಸ್ವಾಮ್ಯದ ಪುಟದಲ್ಲಿ ‘ಎ’ ಅಕ್ಷರ ಹಾಕಿ ಮೊದಲ ಮುದ್ರಣವನ್ನು ಗುರುತಿಸತೊಡಗಿದ್ದು 1930ರಲ್ಲಿ. ಅಷ್ಟರೊಳಗೆ ಇಬ್ಬರ ಪ್ರಸಿದ್ಧ ಕೃತಿಗಳೂ ಬಂದು ಹೋಗಿದ್ದವು. ಅವುಗಳ ಜಾತಕ ಓದಲು ಉಳಿದದ್ದು ಒಂದೇ ದಾರಿ: ತಪ್ಪುಗಳ ಪಟ್ಟಿ.

1926ರಲ್ಲಿ ಬಂದ ಹೆಮಿಂಗ್ವೇಯ ‘ದಿ ಸನ್ ಆಲ್ಸೋ ರೈಸಸ್’ ಕಾದಂಬರಿಯ ಮೊದಲ ಮುದ್ರಣ 5,090 ಪ್ರತಿಗಳದ್ದು. ಮೊದಲು ಹೊರಬಂದ ಪ್ರತಿಗಳ 181ನೆಯ ಪುಟದಲ್ಲಿ ‘ಸ್ಟಾಪ್ಡ್’ ಎಂಬ ಪದಕ್ಕೆ ಎರಡರ ಬದಲು ಮೂರು ‘ಪಿ’ ಬಿದ್ದಿವೆ. ರಕ್ಷಾಪುಟದ ಮೇಲೆ ಹೆಮಿಂಗ್ವೇಯ ಹಿಂದಿನ ಪುಸ್ತಕ ‘ಇನ್ ಅವರ್ ಟೈಮ್’ ಹೋಗಿ ‘ಇನ್ ಅವರ್ ಟೈಮ್ಸ್’ ಆಗಿದೆ. ಒಂದು ‘ಪಿ’, ಒಂದು ‘ಎಸ್’. ಸಂಗ್ರಾಹಕರ ಕಣ್ಣು ಮೊದಲು ಹುಡುಕುವುದು ಇವನ್ನೇ.

ಗ್ಯಾಟ್ಸ್‌ಬಿಯ ಭಾಗ್ಯ

ಈ ಲೋಕದ ಚಕ್ರವರ್ತಿ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. 1925ರ ಏಪ್ರಿಲ್ 10ರಂದು ಪ್ರಕಟವಾಯಿತು. ಮೊದಲ ಮುದ್ರಣ 20,870 ಪ್ರತಿ, ಬೆಲೆ ಎರಡು ಡಾಲರ್. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು 3,000 ಪ್ರತಿ ಮುದ್ರಿಸಿದರು. ಎರಡು ಮುದ್ರಣಗಳ ನಡುವೆ ಬದಲಾದದ್ದು ಬೆರಳೆಣಿಕೆಯ ಪದಗಳು. ಷಿಕಾಗೋದ ‘ಯೂನಿಯನ್ ಸ್ಟೇಷನ್’ ರೈಲು ನಿಲ್ದಾಣದ ಹೆಸರಿನ ನಡುವೆ ಮೊದಲ ಮುದ್ರಣದಲ್ಲಿ ‘ಸ್ಟ್ರೀಟ್’ ಎಂಬ ಬೇಡದ ಪದ ನುಸುಳಿತ್ತು; ಎರಡನೆಯದರಲ್ಲಿ ಅದು ಮಾಯವಾಯಿತು. ಇದು ತಪ್ಪಿನ ತಿದ್ದುಪಡಿ. ಆದರೆ 60ನೆಯ ಪುಟದಲ್ಲಿ ಆದದ್ದೇ ಬೇರೆ. ಅಲ್ಲಿ ಔತಣಕೂಟದ ಗದ್ದಲಕ್ಕೆ ಮೊದಲು ‘ಚಾಟರ್’ ಎಂಬ ಸಾಧಾರಣ ಪದವಿತ್ತು. ಎರಡನೆಯ ಮುದ್ರಣದಲ್ಲಿ ಆ ಜಾಗಕ್ಕೆ ‘ಎಕೋಲೇಲಿಯಾ’ ಬಂತು. ಕೇಳಿದ ಮಾತನ್ನೇ ಅರ್ಥವಿಲ್ಲದೆ ಮತ್ತೆ ಮತ್ತೆ ಉಲಿಯುವುದು ಎಂದು ಅದರ ಅರ್ಥ. ಆ ಕೂಟಗಳ ಟೊಳ್ಳುತನವನ್ನೆಲ್ಲ ಒಂದೇ ಪದ ಹಿಡಿದುಕೊಟ್ಟಿತು. ಮೊದಲ ಪ್ರತಿ ಉಳಿಯದಿದ್ದರೆ, ಆ ಪದ ಲೇಖಕನಿಗೆ ಹೊಳೆದದ್ದು ಪುಸ್ತಕ ಅಚ್ಚಾದ ಮೇಲೆ ಎಂಬುದಕ್ಕೆ ಪುರಾವೆ ಎಲ್ಲಿರುತ್ತಿತ್ತು?

ಪುಸ್ತಕ ಮಾರಾಟದಲ್ಲಿ ಮಾತ್ರ ಎಲ್ಲರ ಎಣಿಕೆ ತಪ್ಪಿತು. 1940ರ ಡಿಸೆಂಬರ್‌ನಲ್ಲಿ ಫಿಟ್ಜ್‌ಜೆರಾಲ್ಡ್ 44ನೆಯ ವಯಸ್ಸಿಗೆ ತೀರಿಕೊಂಡಾಗ ಎರಡನೆಯ ಮುದ್ರಣದ ಪ್ರತಿಗಳು ಪ್ರಕಾಶಕರ ಉಗ್ರಾಣದಲ್ಲಿ ಇನ್ನೂ ಕೂತಿದ್ದವು. ಅವನ ಕೈಸೇರಿದ ಕೊನೆಯ ರಾಯಲ್ಟಿ 13 ಡಾಲರ್ 13 ಸೆಂಟ್. ಮಹಾಯುದ್ಧ ಕಾಲದಲ್ಲಿ ಸೈನಿಕರಿಗೆ ಉಚಿತವಾಗಿ ಹಂಚಲು ಅಚ್ಚು ಹಾಕಿಸಿದ ಅಗ್ಗದ ಪುಸ್ತಕಮಾಲೆಗೆ ಗ್ಯಾಟ್ಸ್‌ಬಿಯೂ 1945ರಲ್ಲಿ ಸೇರಿತು. ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೀಗೆ ಓದುಗರ ಕೈಸೇರಿದವು. ಮುಂದೆ ವಿಮರ್ಶಕರು, ಕಾಲೇಜುಗಳು ಅದನ್ನು ಕೈಹಿಡಿದು ಮೇಲೆತ್ತಿದವು. ರಕ್ಷಾಪುಟ ಸಹಿತವಾದ ಮೊದಲ ಮುದ್ರಣದ ಒಂದು ಪ್ರತಿ 2014ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 3,77,000 ಡಾಲರಿಗೆ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ‘ರಕ್ಷಾಪುಟ ಸಹಿತ’ ಎಂಬ ಮಾತು. ಅದೇ ಮುದ್ರಣದ ಪ್ರತಿಗೆ ರಕ್ಷಾಪುಟವಿಲ್ಲದಿದ್ದರೆ ಬೆಲೆ ಕೆಲವೇ ಸಾವಿರ ಡಾಲರಿಗೆ ಇಳಿಯುತ್ತದೆ. ಆಗಿನ ಓದುಗರಿಗೆ ರಕ್ಷಾಪುಟ ಎಂದರೆ ಅಂಗಡಿಯ ಧೂಳು ತಾಗದಿರಲು ಸುತ್ತಿದ ಕಾಗದ. ಮನೆಗೆ ತಂದ ಮೇಲೆ ಅದರ ಕೆಲಸ ಮುಗಿಯಿತು. ಗ್ರಂಥಾಲಯಗಳೂ ಅದನ್ನು ಕಿತ್ತೆಸೆದೇ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಿದ್ದವು. ಫಿಟ್ಜ್‌ಜೆರಾಲ್ಡ್ ಪ್ಯಾರಿಸ್ಸಿನಲ್ಲಿ ಕೊಟ್ಟ ಪ್ರತಿಯ ರಕ್ಷಾಪುಟ ಹಿಡಿಸದೆ ಅದನ್ನು ತೆಗೆದಿಟ್ಟೇ ಕಾದಂಬರಿ ಓದಿದ್ದಾಗಿ ಹೆಮಿಂಗ್ವೇ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸಾಲದ್ದಕ್ಕೆ ಗ್ಯಾಟ್ಸ್‌ಬಿಯ ರಕ್ಷಾಪುಟ ಪುಸ್ತಕಕ್ಕಿಂತ ಕೊಂಚ ಎತ್ತರ. ಅಂಚು ಬೇಗ ಹರಿಯುತ್ತಿತ್ತು.

ಆದರೆ ಈ ಕಾಗದ ಬರೀ ಹೊದಿಕೆಯಾಗಿರಲಿಲ್ಲ. ಕಡುನೀಲಿ ಇರುಳಿನಲ್ಲಿ ತೇಲುವ ಎರಡು ಕಣ್ಣುಗಳ ಆ ಚಿತ್ರವನ್ನು ಫ್ರಾನ್ಸಿಸ್ ಕ್ಯುಗಾಟ್ ಎಂಬ ಕಲಾವಿದ ಬರೆದದ್ದು ಕಾದಂಬರಿ ಪೂರ್ತಿಯಾಗುವ ಮೊದಲು. ಆ ಚಿತ್ರವನ್ನು ಬೇರೆ ಯಾರಿಗೂ ಕೊಡಬೇಡಿ, ಅದನ್ನು ಕಾದಂಬರಿಯೊಳಗೆ ಸೇರಿಸಿದ್ದೇನೆ ಎಂದು ಫಿಟ್ಜ್‌ಜೆರಾಲ್ಡ್ 1924ರಲ್ಲಿ ತನ್ನ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್‌ಗೆ ತಿಳಿಸಿದ್ದ. ಅಂದರೆ ಹೊರಗಿನ ಚಿತ್ರ ಒಳಗಿನ ಬರಹವನ್ನು ಮುಟ್ಟಿತ್ತು. ಇದೇ ರಕ್ಷಾಪುಟದ ಹಿಂಬದಿಯಲ್ಲಿ ನಾಯಕನ ಹೆಸರಿನ ಮೊದಲಿಗೆ ದೊಡ್ಡ ‘ಜೆ’ ಬದಲು ಚಿಕ್ಕ ‘ಜೆ’ ಬಿದ್ದಿತ್ತು. ಪ್ರಕಾಶಕರ ಕಡೆಯವರು ಮಸಿಯಿಂದ ಒಂದೊಂದಾಗಿ ತಿದ್ದಿದರು. ಆ ಮಸಿಯ ಗೀಟೂ ಇಂದು ಮೊದಲ ರಕ್ಷಾಪುಟದ ಗುರುತು. ಬೆಲೆ ಏರಿದಂತೆ ನಕಲಿಗಳೂ ಹುಟ್ಟಿಕೊಂಡವು. ಬೇರೊಂದು ಪ್ರತಿಯ ರಕ್ಷಾಪುಟ ತಂದು ತೊಡಿಸುವುದು, ಹೊಸದಾಗಿ ಅಚ್ಚು ಹಾಕಿದ್ದನ್ನು ಹಳೆಯದೆಂದು ದಾಟಿಸುವುದು ಈ ವ್ಯಾಪಾರದ ನಿತ್ಯದ ತಲೆನೋವು.

ಸೋತ ಪುಸ್ತಕಗಳ ಗೆಲುವು

ಅಪರೂಪಕ್ಕೆ ಬೆಲೆ ಎಂಬುದು ಸಂತೆಯ ನಿಯಮ. ಅಂದು ಸೋತ ಪುಸ್ತಕವೇ ಇಂದು ಅಪರೂಪದ್ದು. ಥಿಯೋಡರ್ ಡ್ರೈಸರ್‌ನ ‘ಸಿಸ್ಟರ್ ಕ್ಯಾರಿ’ 1900ರಲ್ಲಿ ಬಂದಾಗ ಅದರ ಪ್ರಕಾಶಕನಿಗೇ ಅದು ಅನೈತಿಕವಾಗಿ ಕಂಡಿತ್ತು. ಒಪ್ಪಂದ ಮುರಿಯಲಾರದೆ 1,008 ಪ್ರತಿ ಮುದ್ರಿಸಿ, ಪ್ರಚಾರವಿಲ್ಲದೆ ಸುಮ್ಮನಾದ. ಮಾರಾಟವಾದವು 456, ಲೇಖಕನಿಗೆ ದಕ್ಕಿದ್ದು 68 ಡಾಲರ್ 40 ಸೆಂಟ್. ವಿಲಿಯಂ ಫಾಕ್ನರ್‌ನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ 1929ರ ಅಕ್ಟೋಬರ್ 7ರಂದು ಹೊರಬಂತು. ಮೊದಲ ಮುದ್ರಣ 1,789 ಪ್ರತಿ. ಅದೇ ತಿಂಗಳ ಕೊನೆಗೆ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿತ್ತು. ಇಪ್ಪತ್ತು ವರ್ಷಗಳ ಮೇಲೆ ಅದೇ ಫಾಕ್ನರ್‌ಗೆ ನೊಬೆಲ್ ಪ್ರಶಸ್ತಿ ಸಂದಿತು.

ಹಾಗೆಂದು ಸಂಗ್ರಾಹಕರೆಲ್ಲ ದೂರದೃಷ್ಟಿಯುಳ್ಳವರು ಎನ್ನುವಂತಿಲ್ಲ. 1920ರ ದಶಕದಲ್ಲಿ ಅವರು ಮುಗಿಬಿದ್ದು ಕೊಂಡದ್ದು ಜೇಮ್ಸ್ ಬ್ರಾಂಚ್ ಕ್ಯಾಬೆಲ್, ಜೋಸೆಫ್ ಹರ್ಗೆಶೈಮರ್ ಮುಂತಾದವರ ಪುಸ್ತಕಗಳನ್ನು. ಕ್ಯಾಬೆಲ್‌ನ ‘ಜರ್ಗನ್’ ಅಶ್ಲೀಲವೆಂಬ ಆರೋಪಕ್ಕೆ ಗುರಿಯಾಗಿ 1920ರಲ್ಲಿ ಅದರ ಮಾರಾಟ ನಿಂತಾಗ ಬೆಲೆ ಗಗನಕ್ಕೇರಿತು. ಇಂದು ಹರ್ಗೆಶೈಮರ್ ಹೆಸರು ಹೇಳಿದರೆ ಅಮೆರಿಕದಲ್ಲೂ ಗುರುತಿಸುವವರು ವಿರಳ. ಪೇಟೆಯ ಧಾರಣೆ ಸಾಹಿತ್ಯದ ತೂಕ ಅಳೆಯುವ ತಕ್ಕಡಿಯಲ್ಲ.

ಹಾಗಾದರೆ ಈ ಸಂಗ್ರಹದಿಂದ ಆದ ಲಾಭವೇನು? ಉತ್ತರಕ್ಕೆ ಮ್ಯಾಥ್ಯೂ ಬ್ರುಕೋಲಿಯ ಕಡೆ ನೋಡಬೇಕು. 1949ರಲ್ಲಿ ಕಾರಿನ ರೇಡಿಯೊದಲ್ಲಿ ಫಿಟ್ಜ್‌ಜೆರಾಲ್ಡ್‌ನ ಕಥೆಯೊಂದರ ನಾಟಕರೂಪ ಕೇಳಿದ ಈ ಹುಡುಗ ಮುಂದೆ ಜೀವಮಾನವಿಡೀ ಅವನ ಪುಸ್ತಕಗಳನ್ನು ಕೂಡಿಹಾಕಿದ. ದೊಡ್ಡ ವಿದ್ವಾಂಸನಾಗಿ 1972ರಲ್ಲಿ ಫಿಟ್ಜ್‌ಜೆರಾಲ್ಡ್ ಕೃತಿಗಳ ಮುದ್ರಣಗಳ ವಿವರವಾದ ಸೂಚಿಯನ್ನು ಸಿದ್ಧಪಡಿಸಿದ. ಒಂದೇ ಪುಸ್ತಕದ ಹಲವು ಪ್ರತಿಗಳೇಕೆ ಎಂಬ ಪ್ರಶ್ನೆಗೆ ಹಿನ್‌ಮನ್ ಯಂತ್ರ ಉತ್ತರ ಹೇಳುತ್ತದೆ. ಷೇಕ್ಸ್‌ಪಿಯರ್‌ನ ಹಳೆಯ ಪ್ರತಿಗಳನ್ನು ಹೋಲಿಸಲು ಚಾರ್ಲ್‌ಟನ್ ಹಿನ್‌ಮನ್ ರೂಪಿಸಿದ ಸಾಧನ ಅದು. ಕನ್ನಡಿಗಳ ನೆರವಿನಿಂದ ಎರಡು ಪ್ರತಿಗಳ ಒಂದೇ ಪುಟವನ್ನು ಒಂದರ ಮೇಲೊಂದು ಕಾಣುವಂತೆ ಮಾಡಿ, ದೀಪಗಳನ್ನು ಒಂದಾದ ಮೇಲೊಂದು ಬೆಳಗಿಸಿದರೆ, ಬದಲಾದ ಅಕ್ಷರ ಮಾತ್ರ ಕುಣಿದಂತೆ ಕಾಣುತ್ತದೆ. ಮುಂದೆ ಅಮೆರಿಕನ್ ಕಾದಂಬರಿಗಳ ಶುದ್ಧ ಪಾಠ ನಿರ್ಣಯಕ್ಕೂ ಇದೇ ಯಂತ್ರ ನೆರವಾಯಿತು. ಹಾಗೆ ಹೋಲಿಸಬೇಕಾದರೆ ಯಾರಾದರೂ ಪ್ರತಿಗಳನ್ನು ಉಳಿಸಿರಬೇಕಲ್ಲವೆ? ಬ್ರುಕೋಲಿಯ ಸಂಗ್ರಹ 1994ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಸೇರಿತು.

2021ರ ಜನವರಿ 1ರಂದು ಗ್ಯಾಟ್ಸ್‌ಬಿಯ ಮೇಲಿನ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಕೊನೆಗೊಂಡಿತು. ಅಲ್ಲಿ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಕಾಸಿಲ್ಲದೆ ಓದಬಹುದು. ಕಥೆ ಓದಲು ಮೊದಲ ಮುದ್ರಣ ಯಾರಿಗೂ ಬೇಡ. ಆದರೆ ಇಂದು ಶಿಲೆಯಲ್ಲಿ ಕೆತ್ತಿದಂತೆ ಕಾಣುವ ಕೃತಿಯೂ ಒಂದು ದಿನ ತಪ್ಪು ಒಪ್ಪುಗಳ ನಡುವೆ, ಗೆಲ್ಲುವ ಭರವಸೆಯಿಲ್ಲದೆ, ಎರಡು ಡಾಲರ್ ಬೆಲೆ ಹೊತ್ತು ಅಂಗಡಿಯ ಕಪಾಟಿನಲ್ಲಿ ನಿಂತಿತ್ತು ಎಂಬುದನ್ನು ಹೇಳಬಲ್ಲದ್ದು ಆ ಹಳೆಯ ಪ್ರತಿ ಮಾತ್ರ.