ಹೆಬ್ಬೆಟ್ಟಿನ ಚರಿತ್ರೆ ಮತ್ತು ಮಕ್ಕಳ ಪತ್ತೇದಾರಿ ಆಟ

ಓದು ಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುವ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಹೋಗಿಲ್ಲ. “ಅವನದೇನು ಕೇಳ್ತೀಯ, ಹೆಬ್ಬೆಟ್ಟು” ಅಂದುಬಿಟ್ಟರೆ ಆ ಮನುಷ್ಯನ ಮಾತು ಅಲ್ಲಿಗೆ ಮುಗೀತು. ಆದರೆ ಅದೇ ಹೆಬ್ಬೆಟ್ಟಿಗೆ ದೊಡ್ಡದೊಂದು ಚರಿತ್ರೆ ಇದೆ. ಇವತ್ತು ಲೋಕದ ಪೊಲೀಸರೆಲ್ಲ ಬಳಸುವ ಬೆರಳ ಗುರುತಿನ ಶಾಸ್ತ್ರ ಬೆಳೆದದ್ದು ಬಹುಮಟ್ಟಿಗೆ ನಮ್ಮ ದೇಶದ ಕಚೇರಿಗಳಲ್ಲಿ. ಈ ಚರಿತ್ರೆಯನ್ನು ಐದಾರು ವರ್ಷದ ಮಗುವಿಗೂ ಆಟವಾಗಿ ಹೇಳಿಕೊಡಬಹುದು. ವಾಚನಾಲಯಕ್ಕೆ ಬರುವ ಮಕ್ಕಳ ಜೊತೆ ನಾನು ಆಡಿ ನೋಡಿದ ಕೆಲವು ಆಟಗಳನ್ನೂ ಅವುಗಳ ಹಿಂದಿನ ಕತೆಯನ್ನೂ ಇಲ್ಲಿ ಬರೆದಿದ್ದೇನೆ. ಮೇಷ್ಟ್ರುಗಳಿಗೆ ಉಪಯೋಗವಾದರೆ ಸಂತೋಷ.

ಮೊದಲನೆಯ ಆಟಕ್ಕೆ ಬೇಕಾದದ್ದು ಒಂದು ಪೆನ್ಸಿಲ್, ಬಿಳಿ ಹಾಳೆ, ಅಂಟಿಸುವ ಟೇಪು. ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲನ್ನು ಚೆನ್ನಾಗಿ ಉಜ್ಜಿ ಕಪ್ಪು ಮಾಡಬೇಕು. ಮಗು ಅದರ ಮೇಲೆ ಬೆರಳು ತಿಕ್ಕಲಿ. ಆ ಬೆರಳಿಗೆ ಟೇಪು ಒತ್ತಿ, ಮೆಲ್ಲಗೆ ಬಿಡಿಸಿ, ಬಿಳಿ ಹಾಳೆಗೆ ಅಂಟಿಸಿದರೆ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಹತ್ತು ಬೆರಳಿಗೂ ಹೀಗೇ ಮಾಡಿ ಹೆಸರು ಬರೆದಿಡಬೇಕು. ಅಣ್ಣ ತಮ್ಮಂದಿರ ಬೆರಳು, ಅವಳಿ ಮಕ್ಕಳ ಬೆರಳು ಕೂಡ ಒಂದೇ ತೆರನಾಗಿ ಇರುವುದಿಲ್ಲ. ಈ ಗೆರೆಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿ, ಸಾಯುವತನಕ ಅದೇ ವಿನ್ಯಾಸದಲ್ಲಿ ಇರುತ್ತವೆ. ಮೇಲಿನ ಚರ್ಮ ಸುಲಿದುಹೋದರೂ ಮತ್ತೆ ಅದೇ ಗೆರೆ ಬರುತ್ತದೆ.

ಈ ಗುರುತನ್ನು ಆಡಳಿತದ ಕೆಲಸಕ್ಕೆ ಹಚ್ಚಿದವರಲ್ಲಿ ಮೊದಲಿಗ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ರಸ್ತೆಗೆ ಸಾಮಗ್ರಿ ಒದಗಿಸುವ ಕರಾರು ಮಾಡಿಕೊಳ್ಳುವಾಗ, ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನು ಪತ್ರದ ಹಿಂಬದಿಗೆ ಒತ್ತಿಸಿಕೊಂಡ. ಆಗ ಅವನ ಮನಸ್ಸಿನಲ್ಲಿ ಶಾಸ್ತ್ರವೇನೂ ಇರಲಿಲ್ಲ. ನಾಳೆ ‘ಈ ರುಜು ನನ್ನದಲ್ಲ’ ಅನ್ನದ ಹಾಗೆ ಆಸಾಮಿಯನ್ನು ಹೆದರಿಸಬೇಕು ಅನ್ನುವುದಷ್ಟೇ ಇತ್ತು. ಅಂದರೆ ಈ ಪದ್ಧತಿ ಶುರುವಾದದ್ದೇ ಅಪನಂಬಿಕೆಯಿಂದ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಅವನು ಪಿಂಚಣಿ, ದಸ್ತಾವೇಜು ನೋಂದಣಿ, ಜೈಲು ಈ ಮೂರಕ್ಕೂ ಬೆರಳ ಗುರುತು ತಂದ. ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಎತ್ತುವುದಕ್ಕೆ ಇದರಿಂದ ತಡೆಯಾಯಿತು.

ಮುಂದೊಂದು ತೊಡಕು ಬಂತು. ಸಾವಿರಾರು ಜನರ ಗುರುತು ಕೂಡಿಹಾಕಿದರೆ, ಬೇಕಾದದ್ದನ್ನು ಹುಡುಕುವುದು ಹೇಗೆ? ರಾಗಿ ಕಣಜದಲ್ಲಿ ಸಾಸಿವೆ ಕಾಳು ಹುಡುಕಿದ ಹಾಗಲ್ಲವೇ? ಇದನ್ನು ಬಿಡಿಸಿದವರು ಬಂಗಾಳ ಪೊಲೀಸಿನಲ್ಲಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಇವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ. ಲೆಕ್ಕದ ಮುಖ್ಯ ಕೆಲಸ ಹಕ್ ಅವರದು. ಪದ್ಧತಿಗೆ ಮಾತ್ರ ‘ಹೆನ್ರಿ ಪದ್ಧತಿ’ ಎಂದೇ ಹೆಸರು ನಿಂತಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳ ಗುರುತಿನ ಕಚೇರಿ ತೆರೆಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿನಲ್ಲಿ ಅಂಥದ್ದು ಬಂದದ್ದು 1901ರಲ್ಲಿ, ಅದೂ ಹೆನ್ರಿ ಅಲ್ಲಿಗೆ ಹೋದ ಮೇಲೆ.

ಆ ಲೆಕ್ಕ ನಮ್ಮ ಅಜ್ಜಿಯರಿಗೆ ಹೊಸದಲ್ಲ. “ಕೈ ತೋರಿಸು, ಎಷ್ಟು ಚಕ್ರ ಇದೆ ನೋಡೋಣ” ಅಂತ ಮಕ್ಕಳ ಬೆರಳು ಹಿಡಿದು ಎಣಿಸುತ್ತಿದ್ದರಲ್ಲ, ಹಕ್ ಅವರ ಲೆಕ್ಕವೂ ಚಕ್ರ ಎಣಿಸುವುದೇ. ಬೆರಳ ತುದಿಯಲ್ಲಿ ಗೆರೆ ಸುತ್ತಿಕೊಂಡಿದ್ದರೆ ಚಕ್ರ, ಒಂದು ಕಡೆಯಿಂದ ಬಂದು ಮಡಚಿ ಅದೇ ಕಡೆ ಹೋದರೆ ಕುಣಿಕೆ, ಗುಡ್ಡದ ಹಾಗೆ ಎದ್ದು ಇಳಿದರೆ ಕಮಾನು. ಅಜ್ಜಿ ಚಕ್ರ ಎಣಿಸಿ ಭಾಗ್ಯ ಹೇಳುತ್ತಿದ್ದರು. ಹಕ್ ಚಕ್ರ ಎಣಿಸಿ ಅಂಕೆ ಹಾಕಿದರು.

ಇದು ಎರಡನೆಯ ಆಟ. ಕೂಡುವ ಲೆಕ್ಕ ಬರುವ ಮಗುವಿಗೆ ಸಾಕು. ಬಲಗೈ ಹೆಬ್ಬೆಟ್ಟಿನಿಂದ ಕಿರುಬೆರಳಿನ ತನಕ 1ರಿಂದ 5, ಎಡಗೈ ಹೆಬ್ಬೆಟ್ಟಿನಿಂದ ಕಿರುಬೆರಳಿನ ತನಕ 6ರಿಂದ 10 ಎಂದು ಸಂಖ್ಯೆ ಕೊಡಿ. ಚಕ್ರ ಇದ್ದ ಬೆರಳಿಗೆ ಮಾತ್ರ ಬೆಲೆ. 1 ಮತ್ತು 2ಕ್ಕೆ 16, 3 ಮತ್ತು 4ಕ್ಕೆ 8, 5 ಮತ್ತು 6ಕ್ಕೆ 4, 7 ಮತ್ತು 8ಕ್ಕೆ 2, 9 ಮತ್ತು 10ಕ್ಕೆ 1. ಸರಿಸಂಖ್ಯೆಯ ಬೆರಳುಗಳ ಬೆಲೆ ಕೂಡಿ ಒಂದು ಸೇರಿಸಿದರೆ ಮೇಲಿನ ಅಂಕೆ, ಬೆಸಸಂಖ್ಯೆಯವನ್ನು ಕೂಡಿ ಒಂದು ಸೇರಿಸಿದರೆ ಕೆಳಗಿನ ಅಂಕೆ. ಎರಡು ಹೆಬ್ಬೆಟ್ಟಿನಲ್ಲಿ ಮಾತ್ರ ಚಕ್ರ ಇದ್ದ ಹುಡುಗಿಯ ಅಂಕೆ 5/17. ಚಕ್ರವೇ ಇಲ್ಲದವನದು 1/1, ಹತ್ತರಲ್ಲೂ ಇದ್ದವನದು 32/32. ಹೀಗೆ 32ನ್ನು 32ರಿಂದ ಗುಣಿಸಿದರೆ 1024 ಗೂಡುಗಳಾದವು. ಅಷ್ಟು ಜನರ ಚೀಟಿಗಳಲ್ಲಿ ಯಾವ ಗೂಡಿಗೆ ಕೈ ಹಾಕಬೇಕು ಅನ್ನೋದು ಕೂಡಲೇ ಗೊತ್ತಾಗುತ್ತಿತ್ತು.

ಮೂರನೆಯ ಆಟ ಕಳ್ಳನನ್ನು ಹಿಡಿಯುವುದು. ಮಕ್ಕಳಲ್ಲಿ ಒಬ್ಬರು ಗುಟ್ಟಾಗಿ ಒಂದು ಸ್ಟೀಲ್ ಲೋಟ ಮುಟ್ಟಿ ಇಡಬೇಕು. ಮೊದಲು ತಲೆಗೂದಲನ್ನೋ ಹಣೆಯನ್ನೋ ಸವರಿಕೊಂಡರೆ ಎಣ್ಣೆಯಂಶ ಬೆರಳಿಗೆ ಹತ್ತಿ ಗುರುತು ಚೆನ್ನಾಗಿ ಬೀಳುತ್ತದೆ. ಲೋಟದ ಮೇಲೆ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ, ಮೆತ್ತನೆಯ ಕುಂಚದಿಂದ ಆಡಿಸಿದರೆ ಪೌಡರು ಗೆರೆಗೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ಟೇಪು ಒತ್ತಿ ಎತ್ತಿ, ಕಪ್ಪು ಕಾಗದಕ್ಕೆ ಅಂಟಿಸಿ, ಮೊದಲು ಬರೆದಿಟ್ಟ ಗುರುತುಗಳ ಜೊತೆ ಹೋಲಿಸಬೇಕು. ಪೌಡರು ಕಣ್ಣಿಗೆ, ಮೂಗಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲಿರಲಿ.

ಈ ಆಟದ ನಿಜವಾದ ಕತೆ ಜಲ್ಪಾಯ್‌ಗುರಿಯಲ್ಲಿ ನಡೆಯಿತು. 1897ರಲ್ಲಿ ಅಲ್ಲಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾಗಿ ಹಣ ಕಳುವಾಯಿತು. ಅವನ ವಸ್ತುಗಳ ನಡುವೆ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಕಂದುಬಣ್ಣದ ಕಲೆ, ಅದರಲ್ಲಿ ಹೆಬ್ಬೆಟ್ಟಿನ ಗೆರೆ. ಕಲ್ಕತ್ತೆಯ ಕಚೇರಿಯಲ್ಲಿ ಹುಡುಕಿದಾಗ, ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಅವನ ಹಳೆಯ ಆಳಿನ ಬಲ ಹೆಬ್ಬೆಟ್ಟಿಗೆ ಅದು ತಾಳೆಯಾಯಿತು. 1898ರಲ್ಲಿ ತೀರ್ಪು ಬಂತು. ನ್ಯಾಯಾಲಯ ಅವನಿಗೆ ಕಳ್ಳತನದ ಶಿಕ್ಷೆ ಕೊಟ್ಟಿತು, ಕೊಲೆಯದು ಕೊಡಲಿಲ್ಲ. ಗುರುತು ಅವನದೇ ಸರಿ, ಆದರೆ ಕೊಂದವನು ಅವನೇ ಅನ್ನುವುದನ್ನು ಆ ಗುರುತೊಂದೇ ಹೇಳಲಾರದು ಅನ್ನುವ ಈ ವಿವೇಕ ನನಗೆ ಬಹಳ ಹಿಡಿಸಿತು. ಮರುವರ್ಷ, 1899ರಲ್ಲಿ, ಭಾರತದ ಸಾಕ್ಷ್ಯ ಕಾಯ್ದೆಯಲ್ಲಿ ಬೆರಳ ಗುರುತಿನ ತಜ್ಞರ ಅಭಿಪ್ರಾಯಕ್ಕೆ ಜಾಗ ಸಿಕ್ಕಿತು.

ಆ ಕಲೆ ಕಂದುಬಣ್ಣ ಎಂದೆನಲ್ಲ, ಅದೂ ಒಂದು ಪಾಠ. ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ಬಟ್ಟೆಗೆ ಹತ್ತಿದ ರಕ್ತ ಮಾರನೆಯ ದಿನ ಕಂದಾಗಿರುತ್ತದೆ. ಗಾಳಿಯಲ್ಲಿ ರಕ್ತದ ಕಬ್ಬಿಣದಂಶ ಬದಲಾಗುವುದರಿಂದ ಹೀಗೆ. ಇದನ್ನು ತಿಳಿದ ಮಕ್ಕಳನ್ನು ನಮ್ಮ ಪಕ್ಕದ ಲೇಪಾಕ್ಷಿಗೆ ಕರೆದುಕೊಂಡು ಹೋಗಿ. ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದ, ಆ ರಕ್ತದ ಕೆಂಪು ಕಲೆ ಇವೇ ಎಂದು ಜನ ತೋರಿಸುತ್ತಾರೆ. “ರಕ್ತ ನಾನ್ನೂರೈವತ್ತು ವರ್ಷದ ಮೇಲೂ ಕೆಂಪಗಿರುತ್ತಾ?” ಅಂತ ಮಗು ಕೇಳಿದರೆ ಬೈಯಬೇಡಿ. ಕತೆ ಜನರ ಮನಸ್ಸಿನ ನೋವು ಹೇಳುತ್ತದೆ, ಅದಕ್ಕೆ ಅದರದೇ ಮರ್ಯಾದೆ ಇದೆ. ಸಾಕ್ಷಿ ಬೇಕಾದವರಿಗೆ ಅದೇ ಗುಡಿಯಲ್ಲಿ ಅಚ್ಯುತದೇವರಾಯನ ಕಾಲದ ಕನ್ನಡ ಶಾಸನಗಳಿವೆ, ವೀರಭದ್ರನಿಗೆ ಬಿಟ್ಟ ದಾನಗಳ ವಿವರ ಅಲ್ಲಿದೆ. ಅಕ್ಷರ ಕೂಡಿಸಿ ಒಂದೆರಡು ಹೆಸರು ಓದಿಸಿ. ಗೋಡೆ, ಕಲ್ಲು ಕೆರೆಯಲು ಮಾತ್ರ ಬಿಡಬೇಡಿ. ಕಣ್ಣಿನಿಂದ ನೋಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಪತ್ತೇದಾರನ ಮೊದಲ ಪಾಠ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ, ಈ ಗುರುತನ್ನು ದೇವರ ವಾಕ್ಯ ಅಂತ ನಂಬುವುದೂ ತಪ್ಪು. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ ತಜ್ಞರು ಒಬ್ಬ ನಿರಪರಾಧಿ ವಕೀಲನ ಬೆರಳೇ ಅದು ಎಂದು ಹೇಳಿ, ಅವನನ್ನು ಸೆರೆಯಲ್ಲಿಟ್ಟು, ಕೊನೆಗೆ ಕ್ಷಮೆ ಕೇಳಬೇಕಾಯಿತು. ಅರ್ಧಂಬರ್ಧ ಗುರುತನ್ನು ಹೋಲಿಸುವುದು ಮನುಷ್ಯನ ಕಣ್ಣು, ಕಣ್ಣು ಮೋಸ ಹೋಗಬಹುದು. ನಮ್ಮಲ್ಲೇ ನೋಡಿ. ರೇಷನ್ ಅಂಗಡಿಯ ಯಂತ್ರದ ಮುಂದೆ ಎಷ್ಟು ಮುದುಕರು ನಿಂತು ಬೆರಳು ಒರೆಸಿ ಒರೆಸಿ ಒತ್ತುತ್ತಾರೆ! ಕಳೆ ಕಿತ್ತು, ಕಲ್ಲು ಹೊತ್ತು, ಬಿಸಿನೀರಿನಲ್ಲಿ ರೇಷ್ಮೆ ನೂಲು ಬಿಚ್ಚಿ ಸವೆದ ಕೈಗಳು ಅವು. ದುಡಿದದ್ದಕ್ಕೇ ಗೆರೆ ಸವೆದಿದೆ, ಸವೆದದ್ದಕ್ಕೇ ಅಕ್ಕಿ ತಡವಾಗುತ್ತದೆ. ಆಟದಲ್ಲಿ ಅಜ್ಜನ ಗುರುತನ್ನೂ ತೆಗೆಸಿ. ಮಗುವಿನ ಗೆರೆಯ ಪಕ್ಕ ಇಟ್ಟು ನೋಡಿದಾಗ ಆ ವ್ಯತ್ಯಾಸ ಮಕ್ಕಳಿಗೆ ತಾನೇ ಗೊತ್ತಾಗುತ್ತದೆ.

ನಮ್ಮ ತಾತ ಒಂದು ವರ್ಷ ಕಡಲೆಕಾಯಿ ಬಿತ್ತನೆಗೆ ಸಾಲ ತಂದು ಪ್ರೋನೋಟಿಗೆ ಹೆಬ್ಬೆಟ್ಟು ಒತ್ತಿದ್ದರು. ಬರೆದಿದ್ದ ಮೊತ್ತ ಅವರು ಎಣಿಸಿಕೊಂಡದ್ದಕ್ಕಿಂತ ಹೆಚ್ಚಿತ್ತು. ಕೇಳಿದಾಗ ಬಂದ ಉತ್ತರ ಒಂದೇ: “ಹೆಬ್ಬೆಟ್ಟು ನಿಂದೇ ಅಲ್ಲವಾ?” ಹೌದು, ತಾತನದೇ. ಗೆರೆ ಸುಳ್ಳು ಹೇಳಲಿಲ್ಲ. ಆದರೆ ಯಾರು ಒತ್ತಿದರು ಎಂದು ಮಾತ್ರ ಗೆರೆ ಹೇಳುತ್ತದೆ. ಏನು ಕೇಳಿ ಒತ್ತಿದರು, ಓದಿ ಹೇಳಿದವರು ಸರಿಯಾಗಿ ಓದಿದರೇ ಅನ್ನುವುದನ್ನು ಅದು ಹೇಳುವುದಿಲ್ಲ. ಜಲ್ಪಾಯ್‌ಗುರಿಯ ತೀರ್ಪಿನಲ್ಲಿದ್ದ ಎಚ್ಚರ ನಮ್ಮ ಹಳ್ಳಿಯ ಜಗಲಿಗಳಲ್ಲಿ ಇರಲಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮೂರು ಆಟ ಆದಮೇಲೆ ನಾಲ್ಕನೆಯದೊಂದು ಆಡಿಸಿ. ಮನೆಯಲ್ಲಿರುವ ಪಾಸ್‌ಬುಕ್ಕು, ರಶೀದಿ, ಪಟ್ಟಾ ಯಾವುದಾದರೂ ಒಂದನ್ನು ಮಗು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಲಿ. ನಮ್ಮ ಗಡಿಯಲ್ಲಿ ಕಾಗದ ತೆಲುಗಿನಲ್ಲಿ ಇರುತ್ತದೆ, ಮನೆಯ ಮಾತು ಕನ್ನಡ, ಹಾಗಾಗಿ ಓದಿ ಕನ್ನಡದಲ್ಲಿ ಹೇಳಲಿ. ಎಲ್ಲಿ ಮೊತ್ತ, ಎಲ್ಲಿ ತಾರೀಖು, ಎಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ ಎಂದು ಹುಡುಕಲಿ. ಖಾಲಿ ಜಾಗ ಕಂಡರೆ ಅಡ್ಡಗೆರೆ ಎಳೆಸದೆ ಹೆಬ್ಬೆಟ್ಟು ಒತ್ತಬಾರದು ಎಂದು ಅಜ್ಜಿಗೆ ಹೇಳಲು ಒಂಬತ್ತು ವರ್ಷದ ಹುಡುಗಿಯೊಬ್ಬಳು ಸಾಕು.