ಕುರಿಮಂದೆಯಿಂದ ಮನೆಯಂಗಳಕ್ಕೆ

ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಹಲಗೆ ಕಂಡರೆ ಒಳಗಿರುವುದು ಅಲ್ಸೇಷಿಯನ್ ಎಂದು ದಾರಿಹೋಕರು ಊಹಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಮನೆಗೊಂದು ಮರಿ ತರಬೇಕೆಂದು ಹೊರಟ ಗೃಹಸ್ಥರಲ್ಲಿ ಇಂದಿಗೂ ಆ ಜಾತಿಯನ್ನು ವಿಚಾರಿಸದವರು ವಿರಳ. ನಿಮಿರಿದ ಕಿವಿ, ತೋಳದಂಥ ಮುಖ, ಗಂಭೀರವಾದ ನಡೆ ಇವನ್ನು ನೋಡಿ, ಇದು ಕಳ್ಳರನ್ನು ಹಿಡಿಯಲೆಂದೇ ಹುಟ್ಟಿದ ಪ್ರಾಣಿಯೆಂದು ನಾವು ಭಾವಿಸುತ್ತೇವೆ. ಆದರೆ ಅದರ ಕುಲವೃತ್ತಿಯೇ ಬೇರೆ. ಅದು ಕುರಿಗಾಹಿಯ ನಾಯಿ. ಮರಿ ಹೊಸ್ತಿಲು ದಾಟಿ ಒಳಗೆ ಬಂದಾಗ ಅದರ ಹಿಂದೆಯೇ ಒಂದು ಚರಿತ್ರೆಯೂ ಒಳಗೆ ಬರುತ್ತದೆ.

ಜರ್ಮನಿಯ ಬಯಲುಗಳಲ್ಲಿ ಪೈರಿನ ಹೊಲಗಳಿಗೆ ಬೇಲಿ ಇಲ್ಲದೆಡೆಯಲ್ಲೂ ಕುರಿ ಮೇಯಿಸಬೇಕಾಗುತ್ತಿತ್ತು. ಹೊಲಗಳ ನಡುವಣ ಕಿರಿದಾದ ಹುಲ್ಲಿನ ಪಟ್ಟಿಯಲ್ಲಿ ದೊಡ್ಡ ಮಂದೆ ಮೇಯಬೇಕು. ಒಂದು ಕುರಿಯೂ ರೈತನ ಬೆಳೆಗೆ ಬಾಯಿ ಹಾಕಕೂಡದು. ಇದು ಒಬ್ಬ ಕುರಿಗಾಹಿಯ ಕೈಲಾಗುವ ಕೆಲಸವಲ್ಲ. ನಾಯಿಯು ಗಡಿಯುದ್ದಕ್ಕೂ ಅತ್ತಿಂದಿತ್ತ ಓಡಾಡುತ್ತ, ತಾನೇ ನಡೆದಾಡುವ ಬೇಲಿಯಾಗುತ್ತಿತ್ತು. ಸ್ಕಾಟ್ಲೆಂಡಿನ ಗಡಿಸೀಮೆಯ ಕೋಲಿ ಮೈಬಗ್ಗಿಸಿ, ದಿಟ್ಟಿ ನೆಟ್ಟು ಕುರಿಗಳನ್ನು ಒಟ್ಟುಗೂಡಿಸಿ ತರುತ್ತದೆ. ನಮ್ಮ ಕುರುಬರ ಹಟ್ಟಿಯ ನಾಯಿಗೆ ರಾತ್ರಿ ತೋಳವನ್ನು ಓಡಿಸುವುದೇ ಮುಖ್ಯ ಕೆಲಸ. ಜರ್ಮನಿಯ ಈ ನಾಯಿಯ ವಿದ್ಯೆ ಗಡಿ ಕಾಯುವುದು. ಇಂದಿಗೂ ಅದು ಕಾಂಪೌಂಡಿನ ಅಂಚಿನಲ್ಲೇ ಸುತ್ತು ಹಾಕುವುದನ್ನು, ಓಡುವ ಮಕ್ಕಳನ್ನು ಅಡ್ಡಗಟ್ಟಲು ನೋಡುವುದನ್ನು ಕಂಡವರಿಗೆ ಈ ಹಳೆಯ ಕಸುಬು ನೆನಪಾಗಬೇಕು.

ಊರೂರಿಗೆ ಒಂದೊಂದು ರೂಪದಲ್ಲಿದ್ದ ಈ ನಾಯಿಗಳನ್ನು ಒಂದು ತಳಿಯಾಗಿ ರೂಪಿಸಿದವನು ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ ಎಂಬ ಅಶ್ವದಳದ ಅಧಿಕಾರಿ. ೧೮೯೯ರಲ್ಲಿ ಆತ ಕಾರ್ಲ್ಸ್‌ರೂಎಯ ನಾಯಿಗಳ ಪ್ರದರ್ಶನದಲ್ಲಿ ಹೆಕ್ಟರ್ ಎಂಬ ನಾಯಿಯನ್ನು ಕಂಡು ಮೆಚ್ಚಿ, ಕೊಂಡು, ಹೋರಾಂಡ್ ಎಂದು ಮರುನಾಮಕರಣ ಮಾಡಿದ. ಅದೇ ವರ್ಷ ಏಪ್ರಿಲ್ ೨೨ರಂದು ಈ ತಳಿಗಾಗಿ ಸಂಘ ಹುಟ್ಟಿತು. ಅದರ ವಂಶಾವಳಿ ಪುಸ್ತಕದ ಮೊದಲನೆಯ ಹೆಸರು ಹೋರಾಂಡನದು. ಚೆಲುವು ಆಮೇಲೆ, ಬುದ್ಧಿ ಮತ್ತು ಉಪಯೋಗ ಮೊದಲು ಎಂಬುದು ಸ್ಟೆಫನಿಟ್ಸನ ಸಿದ್ಧಾಂತ.

ಆದರೆ ಆ ವೇಳೆಗೆ ಕಾಲವೇ ಬದಲಾಗಿತ್ತು. ಸಾಗರದಾಚೆಯಿಂದ ಅಗ್ಗದ ಉಣ್ಣೆ ಬಂದು, ಜರ್ಮನಿಯ ಮಂದೆಗಳು ಕರಗುತ್ತಿದ್ದವು. ಮಂದೆ ಹೋದ ಮೇಲೆ ನಾಯಿಗೆ ಕೆಲಸವೇನು? ಸ್ಟೆಫನಿಟ್ಸ್ ಅದನ್ನು ಪೋಲಿಸರಿಗೂ ಸೈನ್ಯಕ್ಕೂ ಪರಿಚಯಿಸಿದ. ಮೊದಲನೆಯ ಮಹಾಯುದ್ಧದಲ್ಲಿ ಅದು ಸುದ್ದಿ ಒಯ್ದಿತು, ಗಾಯಾಳುಗಳನ್ನು ಹುಡುಕಿತು. ೧೯೧೬ರಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಿಸುವ ನಾಯಿಗಳ ಶಾಲೆ ಓಲ್ಡನ್‌ಬರ್ಗಿನಲ್ಲಿ ಆರಂಭವಾಯಿತು. ಕುರಿಯನ್ನು ಗಡಿಯೊಳಗೆ ಇರಿಸುತ್ತಿದ್ದ ವಿವೇಕ ಕುರುಡನ ಹೆಜ್ಜೆಯನ್ನು ಹಳ್ಳಕ್ಕೆ ಬೀಳದಂತೆ ಕಾಯಿತು. ಇತ್ತ ಇಂಗ್ಲೆಂಡಿನಲ್ಲಿ, ಜರ್ಮನ್ ಎಂಬ ಮಾತೇ ಕಹಿಯಾಗಿದ್ದುದರಿಂದ, ಗಡಿಪ್ರಾಂತವಾದ ಅಲ್ಸೇಸಿನ ಹೆಸರನ್ನು ಅದಕ್ಕೆ ಅಂಟಿಸಿದರು. ೧೯೭೭ರಲ್ಲಿ ಅಲ್ಲಿಯ ಕೆನಲ್ ಕ್ಲಬ್ಬು ಹಳೆಯ ಹೆಸರಿಗೆ ಮರಳಿದರೂ, ನಮ್ಮ ನಾಲಗೆಯಲ್ಲಿ ಅಲ್ಸೇಷಿಯನ್ನೇ ಉಳಿದಿದೆ.

ಈ ಚರಿತ್ರೆಗೆ ಕತ್ತಲೆಯ ಪುಟವೂ ಇದೆ. ನಾಜಿಗಳು ಇದೇ ನಾಯಿಯನ್ನು ತಮ್ಮ ಸೆರೆಶಿಬಿರಗಳ ತಂತಿಬೇಲಿಯ ಬಳಿ ನಿಲ್ಲಿಸಿದರು. ಅವರ ಆಳ್ವಿಕೆಯಲ್ಲಿ ಸ್ಟೆಫನಿಟ್ಸನ ಕೈಯಿಂದ ಸಂಘವೂ ತಪ್ಪಿಹೋಯಿತು. ೧೯೩೬ರ ಏಪ್ರಿಲ್ ೨೨ರಂದು, ಸಂಘ ಹುಟ್ಟಿದ ದಿನವೇ, ಆತ ತೀರಿಕೊಂಡ. ಒಂದು ಕಡೆ ಕುರುಡನ ಕಣ್ಣಾದ ನಾಯಿ, ಇನ್ನೊಂದು ಕಡೆ ನಿರಪರಾಧಿಯ ಮೇಲೆ ಎರಗುವ ನಾಯಿ. ರಕ್ತ ಒಂದೇ, ವಂಶ ಒಂದೇ. ಕಲಿಸಿದ ಕೈ ಮಾತ್ರ ಬೇರೆ.

ಇದರಿಂದ ಗೃಹಸ್ಥರಿಗೆ ದೊರೆಯುವ ಪಾಠ ಸಣ್ಣದಲ್ಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಮರಿಯು ಮನುಷ್ಯರನ್ನು ತನ್ನವರೆಂದು ಒಪ್ಪಿಕೊಳ್ಳುವ ಮುಖ್ಯ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಎಂಟು ವಾರದ ಮರಿ ಮನೆಗೆ ಬಂದರೆ ಉಳಿಯುವ ಅವಧಿ ಒಂದು ತಿಂಗಳಷ್ಟೆ. ಆ ದಿನಗಳಲ್ಲಿ ಅದು ಅಜ್ಜಿಯ ಊರುಗೋಲನ್ನು, ಹಾಲಿನವನ ಸೈಕಲ್ಲನ್ನು, ನೆರೆಮನೆಯ ಮಕ್ಕಳ ಗದ್ದಲವನ್ನು ಹೆದರಿಕೆಯಿಲ್ಲದೆ ಅರಿಯಬೇಕು. ಅದನ್ನು ಹಿತ್ತಲಿನಲ್ಲಿ ಸರಪಳಿಗೆ ಬಿಗಿದು, ಬಂದವರನ್ನೆಲ್ಲ ಕಂಡು ಬೊಗಳಿದರೆ ಹಿಗ್ಗುವವರು, ಮುಂದೊಂದು ದಿನ ಅದು ಅಂಚೆಯವನನ್ನು ಕಚ್ಚಿದಾಗ ಜಾತಿಯನ್ನು ದೂರುತ್ತಾರೆ.

ಮಂದೆಯಿಲ್ಲದ ಮನೆಯಲ್ಲಿಯೂ ಅದಕ್ಕೊಂದು ಕೆಲಸ ಬೇಕು. ದಿನಕ್ಕೆರಡು ಸಲ ದೂರದ ನಡಿಗೆ, ಎಸೆದದ್ದನ್ನು ತರುವುದು, ಬಚ್ಚಿಟ್ಟದ್ದನ್ನು ಹುಡುಕುವುದು, ಹೇಳಿದಾಗ ಕೂರುವುದು: ಇಷ್ಟಾದರೂ ಸಾಕು. ಇಷ್ಟಕ್ಕೂ ಬಿಡುವಿಲ್ಲದವರು ಬೇರೆ ನಾಯಿ ನೋಡಿಕೊಳ್ಳುವುದು ಲೇಸು. ಬಿಡುವಿದ್ದವರ ಮನೆಯಲ್ಲಿ ಆ ಮರಿ ಬೆಳೆದು, ಸಂಜೆ ಎಲ್ಲರೂ ಒಳಗೆ ಬಂದರೋ ಇಲ್ಲವೋ ಎಂದು ಲೆಕ್ಕ ಹಾಕುವಂತೆ ಬಾಗಿಲಲ್ಲಿ ಮಲಗುತ್ತದೆ. ಅದರ ಪಾಲಿಗೆ ಈಗ ಆ ಸಂಸಾರವೇ ಮಂದೆ.